ಹೋಗಿ ಬರುವವನ ಆಟ

ನನ್ನ ಮದುವೆಯ ಮಾತುಕತೆ ನಡೆದದ್ದು 2020ರ ಕೊನೆಯಲ್ಲಿ, ಫೋನಿನ ಪರದೆಯ ಮೇಲೆ. ಹುಡುಗ ಏನು ಕೆಲಸದಲ್ಲಿದ್ದಾನೆ ಎಂದು ಮೈಸೂರಿನಿಂದ ಅಪ್ಪ ಕೇಳಿದರೆ, ಮೇರಿಲ್ಯಾಂಡಿನ ಗೈದರ್ಸ್‌ಬರ್ಗ್‌ನಿಂದ ಒಬ್ಬೊಬ್ಬರು ಒಂದೊಂದು ಉತ್ತರ ಕೊಟ್ಟರು. ಮಕ್ಕಳ ಡಾಕ್ಟರಾದ ಅವನ ತಾಯಿ, "ಇನ್ಶೂರೆನ್ಸ್ ಕಂಪನಿಯಲ್ಲಿ ಅನಲಿಸ್ಟ್" ಎಂದರು. ಸರ್ಕಾರಿ ಲ್ಯಾಬಿನಲ್ಲಿ ವಿಜ್ಞಾನಿಯಾಗಿದ್ದ ತಂದೆ, "ಎಂಬಿಎಗೆ ಅಪ್ಲೈ ಮಾಡೋ ಯೋಚನೆ ಇದೆ" ಎಂದರು. ಹುಡುಗ ಮಾತ್ರ ಎದ್ದು ಹೋಗಿ, ಗೋಡೆಗೆ ಒರಗಿಸಿಟ್ಟಿದ್ದ ಕೋಲೊಂದನ್ನು ತಂದು ಕ್ಯಾಮೆರಾದ ಮುಂದೆ ಹಿಡಿದ. ಕೋಲಿನ ತುದಿಗೆ ಪ್ಲಾಸ್ಟಿಕ್ ಚೌಕಟ್ಟು, ಚೌಕಟ್ಟಿಗೊಂದು ಬಲೆ. "ನಾನು ಲ್ಯಾಕ್ರಾಸ್ ಆಡ್ತೀನಿ ಅಂಕಲ್. ಪ್ರೊಫೆಶನಲ್. ಇನ್ಶೂರೆನ್ಸ್ ವೀಕ್‌ಡೇಸ್‌ಗೆ" ಎಂದ. ಅವನ ತಾಯಿಯ ಮುಖ ಪರದೆಯಿಂದ ಸ್ವಲ್ಪ ಹೊತ್ತು ಮಾಯವಾಯಿತು.

ಆಮೇಲೆ ಅಪ್ಪ ನನಗೊಬ್ಬಳಿಗೇ ಫೋನ್ ಮಾಡಿದರು. "ಹುಡುಗ ಒಳ್ಳೆಯವನೇ ಕಣಮ್ಮ. ಆದ್ರೆ ಈ ವಯಸ್ಸಿಗೆ ಚಿಟ್ಟೆ ಹಿಡಿಯೋ ಬಲೆ ಯಾಕೆ?" ಅಪ್ಪ ಹೇಳಿಕೇಳಿ ಕ್ರಿಕೆಟ್ ಮನುಷ್ಯ. ಕಾಲೇಜಿನ ದಿನಗಳಲ್ಲಿ ಮೈಸೂರಿನ ಒಂದು ಕ್ಲಬ್ಬಿಗೆ ಓಪನಿಂಗ್ ಬ್ಯಾಟ್ಸ್‌ಮನ್ ಆಗಿದ್ದವರು. ಚೆಂಡು ಬಂದರೆ ಹೊಡೆಯಬೇಕು, ಇಲ್ಲವೇ ಬಿಡಬೇಕು. ಅದನ್ನು ಬಲೆಯಲ್ಲಿ ಹೊತ್ತುಕೊಂಡು ಓಡುವುದು ಅವರ ಶಾಸ್ತ್ರದಲ್ಲಿ ಇರಲಿಲ್ಲ.

ನಾನು ಆಗ ಅಟ್ಲಾಂಟಾದ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ದಿನವಿಡೀ ಮಾಸ್ಕು ಕಟ್ಟಿಕೊಂಡು ಬೇರೆಯವರ ಮಂಡಿ, ಭುಜ, ಮಣಿಕಟ್ಟು ಹಿಡಿದು ತಿರುಗಿಸಿ ಮನೆಗೆ ಬಂದರೆ ಮಾತಾಡಿಸುವವರಿಲ್ಲ. ಹಾಗಾಗಿ ದಿನವೂ ಅವನೊಡನೆ ಮಾತು ಶುರುವಾಯಿತು. ಅವನು ಅಮೆರಿಕದಲ್ಲೇ ಹುಟ್ಟಿದವನು. ಕನ್ನಡ ಬರುತ್ತಿತ್ತು, ಆದರೆ ಚಪ್ಪಲಿ ಹಾಕದೆ ಜಲ್ಲಿಕಲ್ಲಿನ ಮೇಲೆ ನಡೆಯುವವನ ಹಾಗೆ ಒಂದೊಂದೇ ಪದ ಇಡುತ್ತಿದ್ದ. ಆ ವರ್ಷ ಬೇಸಗೆಯಲ್ಲಿ ಅವನ ಮೊದಲ ಪ್ರೊಫೆಶನಲ್ ಸೀಸನ್ ನಡೆದದ್ದು ಪ್ರೇಕ್ಷಕರೇ ಇಲ್ಲದ ಮೈದಾನದಲ್ಲಿ. "ಗೋಲ್ ಆದ್ರೆ ನಮ್ಮ ಬೆಂಚ್ ಮಾತ್ರ ಕೂಗ್ತಿತ್ತು. ನನಗೆ ನನ್ನ ಬ್ರೀದಿಂಗ್ ಕೇಳಿಸ್ತಿತ್ತು" ಎಂದ. ಯಾರೂ ನೋಡದಿದ್ದರೂ ಜೀವ ತೇಯ್ದು ಆಡುವವನು ಹೆಂಡತಿಯನ್ನೂ ಹಾಗೇ ನೋಡಿಕೊಂಡಾನು ಎಂದು ನಾನು ಲೆಕ್ಕ ಹಾಕಿದೆ. ಮಾರನೇ ವರ್ಷ ಮದುವೆಯಾಗಿ ಅಟ್ಲಾಂಟಾ ಪಕ್ಕದ ಜಾನ್ಸ್ ಕ್ರೀಕ್‌ನಲ್ಲಿ ಮನೆ ಮಾಡಿದೆವು.

ಅವನ ಆಟವನ್ನು ನಾನು ಮೊದಲು ಕಣ್ಣಾರೆ ಕಂಡದ್ದು ಆ ಜೂನ್‌ನಲ್ಲಿ, ಅಟ್ಲಾಂಟಾದ ಹೊರವಲಯದ ಒಂದು ಮೈದಾನದಲ್ಲಿ. ಕಂಡದ್ದು ಎನ್ನುವುದೂ ಹೆಚ್ಚಾಯಿತು. ಅತ್ತೆ ಗೈದರ್ಸ್‌ಬರ್ಗ್‌ನಿಂದ ಬಂದಿದ್ದರು, ಇಬ್ಬರೂ ಬಿಸಿಲಿನಲ್ಲಿ ಕೂತಿದ್ದೆವು. ಆಟ ಶುರುವಾಗುವ ಹೊತ್ತಿಗೆ ಪುಳಿಯೋಗರೆ ಡಬ್ಬದ ಮುಚ್ಚಳ ಬಿಗಿಯಾಗಿ ಕೂತುಬಿಟ್ಟಿತು. ಅದನ್ನು ಬಿಡಿಸಿ ತಲೆಯೆತ್ತಿದರೆ ನನ್ನ ಗಂಡ ಬೆಂಚಿನ ಮೇಲೆ ಕೂತು ನೀರು ಕುಡಿಯುತ್ತಿದ್ದಾನೆ. "ಯಾಕೆ ಆಡ್ತಿಲ್ಲ?" ಎಂದು ಕೇಳಿದೆ. "ಆಡಿ ಆಯ್ತಲ್ಲ" ಎಂದರು ಅತ್ತೆ, ಹತ್ತು ಹನ್ನೆರಡು ವರ್ಷದಿಂದ ಇದನ್ನೇ ಹೇಳಿ ಹೇಳಿ ಸಾಕಾದವರಂತೆ.

ವಿಷಯ ಇಷ್ಟು. ಮೈದಾನದ ನಟ್ಟನಡುವೆ ಚೆಂಡು ಇಡುತ್ತಾರೆ. ಎರಡು ತಂಡದಿಂದ ಒಬ್ಬೊಬ್ಬ ಬಂದು ಅದರ ಆಚೀಚೆ ಕೋಲು ಊರಿ ಕುಕ್ಕರಗಾಲಿನಲ್ಲಿ ಕೂರುತ್ತಾನೆ. ಸೀಟಿ ಊದಿದ ಕೂಡಲೇ ಚೆಂಡನ್ನು ಒತ್ತಿ ಹಿಡಿದು, ಮಣಿಕಟ್ಟು ತಿರುವಿ, ತನ್ನವರ ಕಡೆ ಹಾರಿಸಬೇಕು. ಇದಕ್ಕೆ ಫೇಸ್‌ಆಫ್ ಎನ್ನುತ್ತಾರೆ. ಪ್ರತಿ ಗೋಲಿನ ನಂತರವೂ ಮತ್ತೆ ಇದೇ. ನನ್ನ ಗಂಡನಿಗೆ ಇದೊಂದೇ ಕೆಲಸ. ಗೆದ್ದರೆ ಚೆಂಡನ್ನು ಜೊತೆಗಾರನಿಗೆ ಕೊಟ್ಟು ಓಡಿಬಂದು ಬೆಂಚಿನಲ್ಲಿ ಕೂರಬೇಕು, ಸೋತರೂ ಓಡಿಬಂದು ಕೂರಬೇಕು. ಗೋಲು ಹೊಡೆಯುವವರು ಬೇರೆ, ತಡೆಯುವವರು ಬೇರೆ, ಜನ ಹೆಸರು ಹಿಡಿದು ಕೂಗುವುದು ಅವರನ್ನು. ಮದುವೆ ಮನೆಯಲ್ಲಿ ಒಲೆ ಹಚ್ಚಿ ಕೊಟ್ಟು ಹೋಗುವವನಂತೆ ಇವನು. ಊಟ ಚೆನ್ನಾಗಿತ್ತು ಎಂದು ಯಾರೂ ಅವನಿಗೆ ಹೇಳುವುದಿಲ್ಲ.

"ನಿನಗೆ ಅಲ್ಲೇ ನಿಂತು ಆಡಬೇಕು ಅನ್ಸಲ್ವಾ? ಒಂದು ಗೋಲಾದ್ರೂ?" ಎಂದು ಅವತ್ತು ಮನೆಗೆ ಬರುವಾಗ ಕೇಳಿದೆ.

"ಅನ್ಸತ್ತೆ" ಎಂದ. ಸ್ವಲ್ಪ ದೂರ ಹೋದ ಮೇಲೆ, "ತುಂಬಾ ಅನ್ಸತ್ತೆ" ಎಂದ.

ತಂಡಕ್ಕೆ ಕೆರೊಲಿನಾದ ಹೆಸರು, ಕ್ಯಾಂಪು ಶಾರ್ಲೆಟ್‌ನಲ್ಲಿ, ಆಟ ಮಾತ್ರ ವಾರಕ್ಕೊಂದು ಊರಿನಲ್ಲಿ. ಬೇಸಗೆ ಪೂರ್ತಿ ಅವನು ಶುಕ್ರವಾರ ಮಧ್ಯಾಹ್ನ ಹೊರಟರೆ ಭಾನುವಾರ ಸಂಜೆ ಬರುತ್ತಿದ್ದ. ನನಗೆ ವಾರವಿಡೀ ಕೆಲಸ. ಇಬ್ಬರಿಗೂ ಬಿಡುವಿರಬೇಕಾದ ಒಂದೇ ದಿನ ಶನಿವಾರ, ಆ ದಿನ ಅವನು ಇನ್ನೆಲ್ಲೋ ಕುಕ್ಕರಗಾಲಿನಲ್ಲಿ ಕೂತಿರುತ್ತಿದ್ದ. ಕನ್ನಡದವರ ಪಾಟ್‌ಲಕ್ ಊಟಕ್ಕೆ ಒಬ್ಬಳೇ ಬಿಸಿಬೇಳೆಬಾತ್ ಹೊತ್ತುಕೊಂಡು ಹೋದರೆ ಆಂಟಿಯರು ಕೇಳುತ್ತಿದ್ದರು, "ಎಲ್ಲಿ ನಿಮ್ಮ ಯಜಮಾನ್ರು?" ಆಡೋಕೆ ಹೋಗಿದ್ದಾರೆ ಎನ್ನಬೇಕಿತ್ತು, ಎಂಟು ವರ್ಷದ ಮಗುವಿನ ಬಗ್ಗೆ ಹೇಳುವ ಹಾಗೆ. ಒಬ್ಬ ಅಂಕಲ್ ಅಂತೂ ಪ್ರತಿ ಸಲ, "ಇನ್ನೂ ಆಡ್ತಿದಾರಾ? ಸೆಟಲ್ ಆಗೋದು ಯಾವಾಗಮ್ಮಾ?" ಎನ್ನುತ್ತಿದ್ದರು. ಅವರ ತಟ್ಟೆಗೆ ಬಾತ್ ಬಡಿಸುವಾಗ ನಾನು ಬೂಂದಿ ಹಾಕುತ್ತಿರಲಿಲ್ಲ.

ನನಗೆ ಅವನು ಬೇಕಿತ್ತು, ಅಷ್ಟೇ. ಶನಿವಾರ ಬೆಳಗ್ಗೆ ಹಾಸಿಗೆಯಲ್ಲಿ ಅವನ ಜಾಗ ತಣ್ಣಗಿರುತ್ತಿತ್ತು. ಎದುರು ಮನೆಯಾತ ಹುಲ್ಲು ಕತ್ತರಿಸುವ ಸದ್ದಿಗೂ ನನಗೆ ಹೊಟ್ಟೆಯುರಿ, ಆ ಮನೆಯಲ್ಲಿ ಒಬ್ಬ ಗಂಡಸು ಇದ್ದಾನಲ್ಲ ಎಂದು. ಕೋಪ ಬಂದಾಗ ಬಾಯಿಬಿಟ್ಟೇ ಹೇಳುತ್ತಿದ್ದೆ. "ಆ ಕೋಲಿಗೇ ತಾಳಿ ಕಟ್ಟಬೇಕಿತ್ತು ನೀನು. ನನಗೂ ಒಂದು ಶನಿವಾರ ಕೊಡು." ಅವನು ಬ್ಯಾಗಿನ ಜಿಪ್ ಎಳೆಯುತ್ತಾ, "ಇನ್ನೊಂದು ಎರಡು ವರ್ಷ. ಆಮೇಲೆ ಎಲ್ಲಾ ಶನಿವಾರನೂ ನಿಂದೇ" ಎನ್ನುತ್ತಿದ್ದ.

ಎರಡು ವರ್ಷ ಸಿಗುವುದು ಅನುಮಾನ ಎಂದು ನನಗೆ ಗೊತ್ತಿತ್ತು. ಅದನ್ನು ಅವನ ಬಲಗೈ ಹೇಳಿತ್ತು. ಫೇಸ್‌ಆಫ್‌ನವರ ಮಣಿಕಟ್ಟು ಹಳೇ ಬಾಗಿಲ ತಿರುಗಣಿಯಂತೆ ಸವೆಯುತ್ತದೆ. ಟಿವಿ ನೋಡುವಾಗ ಅವನ ಕೈ ಹಿಡಿದು ತಿರುವಿದರೆ, ಪ್ರತಿ ಚಳಿಗಾಲ ಒಂದಿಷ್ಟು ಮೊದಲೇ ಅದು ನಿಲ್ಲುತ್ತಿತ್ತು. ನಾನು ವ್ಯಾಯಾಮ ಹೇಳಿಕೊಡುತ್ತಿದ್ದೆ, ಅವನು ಮರುಮಾತಿಲ್ಲದೆ ಮಾಡುತ್ತಿದ್ದ. ಎಷ್ಟು ತಿರುಗುತ್ತದೆ ಎಂದು ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಪ್ಪ ಬಂದದ್ದು 2024ರ ಏಪ್ರಿಲ್‌ನಲ್ಲಿ. ಅಮ್ಮ ಅಣ್ಣನ ಮಗುವನ್ನು ಬಿಟ್ಟು ಬರಲಾರೆನೆಂದು ಬೆಂಗಳೂರಿನ ಅವನ ಮನೆಯಲ್ಲೇ ಉಳಿದಳು. ಅಪ್ಪನಿಗೆ ಕೈಕಟ್ಟಿ ಕೂತು ಗೊತ್ತಿಲ್ಲ. ಬಂದ ವಾರದಲ್ಲೇ ಅಡುಗೆಮನೆಯ ಸಡಿಲ ಕೀಲುಗಳೆಲ್ಲ ಬಿಗಿಯಾದವು, ಕಿರುಗುಟ್ಟುವ ಬಾಗಿಲುಗಳು ಸುಮ್ಮನಾದವು. ಅಳಿಯನನ್ನು 'ಅಳಿಯಂದ್ರೇ' ಎಂದು ಬಹುವಚನದಲ್ಲಿ ಕರೆಯುತ್ತಿದ್ದರು, ಅವನು 'ಮಾವ' ಎಂದು ಅತ್ತೆ ಕಲಿಸಿಕೊಟ್ಟ ಹಾಗೆ ಕರೆಯುತ್ತಿದ್ದ. ಇಬ್ಬರೂ ಸಂಜೆ ಸೋಫಾದ ಮೇಲೆ ಅಕ್ಕಪಕ್ಕ ಕೂರುವರು. ಅಪ್ಪ ಕ್ರಿಕೆಟ್ ನೋಡುವರು. ಅವನು ಹೊಸ ಬಲೆ ಹೆಣೆದು, ಅದರೊಳಕ್ಕೆ ಚೆಂಡನ್ನು ಹೆಬ್ಬೆರಳಿನಿಂದ ಒತ್ತುತ್ತಾ ಕೂರುವನು.

ಆ ಬಲೆಯ ವಿಚಾರ ಹೇಳಬೇಕು. ಹೊಸ ಬಲೆ ಬಿರುಸಾಗಿರುತ್ತದೆ. ವಾರಗಟ್ಟಲೆ ಚೆಂಡು ಒತ್ತಿ, ಗೋಡೆಗೆ ಎಸೆದು ಹಿಡಿದು, ಅದರಲ್ಲೊಂದು ತಗ್ಗು ಮಾಡಿಕೊಳ್ಳಬೇಕು. ಚೌಕಟ್ಟೂ ಅಷ್ಟೇ, ಒತ್ತಿ ಒತ್ತಿ ಅವನ ಕೈಗೆ ಬೇಕಾದಷ್ಟೇ ಬಾಗಬೇಕು. ಅಂಗಡಿಯಲ್ಲಿ ಸಿಗುವ ಕೋಲು ಬೇರೆ, ಹೀಗೆ ಪಳಗಿದ ಕೋಲು ಬೇರೆ. ಮೇ ಕೊನೆಯ ಆಯ್ಕೆಯ ಕ್ಯಾಂಪಿಗಾಗಿ ಅವನು ಚಳಿಗಾಲದಿಂದಲೂ ಒಂದನ್ನು ಪಳಗಿಸುತ್ತಿದ್ದ. ಆ ವರ್ಷ ತಂಡಕ್ಕೆ ಕಾಲೇಜಿನಿಂದ ಆಗಷ್ಟೇ ಹೊರಬಂದ ಒಬ್ಬ ಫೇಸ್‌ಆಫ್ ಆಟಗಾರ ಸೇರಿದ್ದ. ಇಬ್ಬರಲ್ಲಿ ಒಬ್ಬನೇ ಉಳಿಯುವುದು. ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅಪ್ಪನಿಗೂ.

ಕ್ಯಾಂಪಿಗೆ ಹೊರಡುವ ಹಿಂದಿನ ದಿನ ನಾನು ಆಸ್ಪತ್ರೆಯಿಂದ ಬಂದಾಗ ಅಪ್ಪ ಹಿತ್ತಲಿನ ಡೆಕ್ ಮೇಲೆ ಕೂತಿದ್ದರು. ಮುಖದಲ್ಲಿ ಏನೋ ತೃಪ್ತಿ. ಕಟಾಂಜನಕ್ಕೆ ಒರಗಿಸಿ ಅವನ ಕೋಲನ್ನು ಬಿಸಿಲಿಗೆ ಇಟ್ಟಿದ್ದರು. ಪಕ್ಕದಲ್ಲಿ ನನ್ನ ಹಳೆಯ ಕಾಲುಚೀಲ ಮತ್ತು ಅಗಸೆ ಎಣ್ಣೆಯ ಬಾಟ್ಲಿ; ಕೊಲೆಸ್ಟ್ರಾಲ್‌ಗೆ ಒಳ್ಳೆಯದೆಂದು ಅತ್ತೆ ಕಳಿಸಿದ್ದು, ನಾನು ಮುಟ್ಟಿಯೂ ಇರಲಿಲ್ಲ.

"ಬ್ಯಾಟಿಗೆ ಎಣ್ಣೆ ಕುಡಿಸದೆ ಮ್ಯಾಚಿಗೆ ಹೋಗ್ತಾರೇನಮ್ಮಾ?" ಎಂದರು. "ನಿನ್ನ ಗಂಡನಿಗೆ ಯಾರೂ ಹೇಳಿಕೊಟ್ಟಿಲ್ಲ ಪಾಪ. ಕೋಲು, ಬಲೆ, ದಾರ, ಎಲ್ಲಾ ಒಣಗಿಹೋಗಿತ್ತು. ಚೆನ್ನಾಗಿ ಕುಡಿಸಿದೀನಿ."

ಅವರ ಕಾಲದಲ್ಲಿ ಹೊಸ ಬ್ಯಾಟಿಗೆ ಬಟ್ಟೆಯಲ್ಲಿ ಅಗಸೆ ಎಣ್ಣೆ ಅದ್ದಿ ಒರೆಸಿ, ಒಣಗಿಸಿ, ಮತ್ತೆ ಒರೆಸುವುದು ಸಂಧ್ಯಾವಂದನೆಯಷ್ಟೇ ನಿಷ್ಠೆಯ ಕೆಲಸ. ಒಣಮರ ಎಣ್ಣೆ ಹೀರುತ್ತದೆ. ಪ್ಲಾಸ್ಟಿಕ್ಕೂ ನೈಲಾನೂ ಹೀರುವುದಿಲ್ಲ. ನಾನು ಬಲೆ ಮುಟ್ಟಿ ನೋಡಿದೆ. ಜಾರ್ಜಿಯಾದ ಬಿಸಿಲಿಗೆ ಎಣ್ಣೆ ಆಗಲೇ ಹಲಸಿನ ಮೇಣದ ಹಾಗೆ ಅಂಟಾಗಿತ್ತು.

"ಅಪ್ಪಾ, ಏನು ಮಾಡಿಬಿಟ್ರಿ" ಎನ್ನುವಷ್ಟರಲ್ಲಿ ನನ್ನ ಗಂಡ ಹಿಂದೆ ಬಂದು ನಿಂತಿದ್ದ. ಕೋಲನ್ನು ಎತ್ತಿಕೊಂಡ. ಒಮ್ಮೆ ಬಲೆಯೊಳಗೆ ಬೆರಳಾಡಿಸಿದ. ಆಮೇಲೆ ಅಪ್ಪನ ಕಡೆ ತಿರುಗಿ, "ಥ್ಯಾಂಕ್ಸ್ ಮಾವ. ತುಂಬಾ ಚೆನ್ನಾಗಿದೆ" ಎಂದ.

"ಇನ್ನೊಂದು ಕೋಟ್ ಹಾಕಲೇನು ಅಳಿಯಂದ್ರೇ?"

"ಬೇಡ ಮಾವ. ಸಾಕು."

ಮಾರನೇ ದಿನ ನಾನೂ ರಜೆ ಹಾಕಿ ಅವನ ಜೊತೆ ಶಾರ್ಲೆಟ್‌ಗೆ ಹೊರಟೆ. ನಾಲ್ಕು ಗಂಟೆಯ ದಾರಿ, ನಾನು ಡ್ರೈವ್ ಮಾಡಿದೆ. ಅವನು ಪಕ್ಕದಲ್ಲಿ ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಪಾತ್ರೆ ಸೋಪು ಹಾಕಿದ ಬಟ್ಟೆಯಲ್ಲಿ ಒರೆಸುತ್ತಲೇ ಇದ್ದ. ಚೆಂಡು ಹಾಕಿ ಬೀಸಿದರೆ ಅದು ಬಲೆಯಲ್ಲಿ ಕಚ್ಚಿಕೊಂಡು ಒಂದು ಕ್ಷಣ ತಡವಾಗಿ ಬಿಡುತ್ತಿತ್ತು. ಅವನ ಆಟವೇ ಆ ಕ್ಷಣದಲ್ಲಿ ಇರುವುದು. ದಕ್ಷಿಣ ಕೆರೊಲಿನಾ ದಾಟುವ ಹೊತ್ತಿಗೆ ಒರೆಸುವುದನ್ನು ನಿಲ್ಲಿಸಿದ. ಬ್ಯಾಗಿನಲ್ಲಿ ಇನ್ನೊಂದಿತ್ತು, ಅರ್ಧ ಪಳಗಿದ್ದು.

ನನಗೆ ಅಪ್ಪನ ಮೇಲೆ ಬಂದ ಸಿಟ್ಟು ಇಷ್ಟಿಷ್ಟಲ್ಲ. "ಎಪ್ಪತ್ತು ವರ್ಷ ಆಯ್ತು, ಮುಟ್ಟೋ ಮುಂಚೆ ಕೇಳಬೇಕು ಅಂತ ಗೊತ್ತಾಗಲ್ವಾ? ಫೋನ್ ಮಾಡಿ ಹೇಳ್ತೀನಿ ಇರು" ಎಂದೆ.

ಅವನು ಫೋನಿನ ಮೇಲೆ ಕೈಯಿಟ್ಟ. "ಬೇಡ. ಪ್ರಾಮಿಸ್ ಮಾಡು. ಯಾವತ್ತೂ ಹೇಳಬೇಡ."

ಕ್ಯಾಂಪಿನ ಎರಡು ದಿನ ನಾನು ಮೈದಾನದ ಬೇಲಿಯಾಚೆ ನಿಂತು ನೋಡಿದೆ. ಆ ಹೊಸಬ ಸೀಟಿ ಊದುವ ಮೊದಲೇ ಅದು ಕೇಳಿಸಿದವನ ಹಾಗೆ ನುಗ್ಗುತ್ತಿದ್ದ. ನನ್ನವನು ಕೆಲವನ್ನು ಗೆದ್ದ, ಹೆಚ್ಚಿನದನ್ನು ಸೋತ. ಗೆದ್ದಾಗಲೂ ಎದ್ದು ನಿಂತು ಬಲಗೈ ಕೊಡವುತ್ತಿದ್ದ. ಭಾನುವಾರ ಮಧ್ಯಾಹ್ನ ಕೋಚ್ ಅವನನ್ನು ಪಕ್ಕಕ್ಕೆ ಕರೆದು ಮಾತಾಡಿದರು. ಇಬ್ಬರೂ ಕೈಕುಲುಕಿದರು. ಅವನು ಅಲ್ಲಿಂದ ನನ್ನ ಕಡೆ ನಡೆದುಕೊಂಡು ಬಂದ. ಓಡದೆ ನಡೆದು ಮೈದಾನ ದಾಟಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕಾರಿನಲ್ಲಿ ನಾನು ಮತ್ತೆ ಎಣ್ಣೆಯ ಮಾತು ಎತ್ತಿದೆ. ಅವನು ತಲೆಯಾಡಿಸಿ, ಅವರಮ್ಮ ಚಿಕ್ಕಂದಿನಲ್ಲಿ ಹೇಳುತ್ತಿದ್ದ ಗಾದೆಯನ್ನು ತನ್ನ ಅಮೆರಿಕನ್ ನಾಲಿಗೆಯಲ್ಲಿ ಎಡವಿ ಎಡವಿ ಹೇಳಿದ. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ." ಹೇಳಿ ನಕ್ಕ. ನಗುತ್ತಲೇ ಕಿಟಕಿಯ ಕಡೆ ತಿರುಗಿಕೊಂಡ. ನಾನು ಅವನ ಮುಖ ನೋಡದೆ ರಸ್ತೆ ನೋಡಿಕೊಂಡು ಡ್ರೈವ್ ಮಾಡಿದೆ.

ಮಣಿಕಟ್ಟೋ ಎಣ್ಣೆಯೋ ಎಂದು ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ. ಮಣಿಕಟ್ಟೇ ಎಂದು ನನ್ನ ಓದು ಹೇಳುತ್ತದೆ. ಆದರೂ ಆ ಪಳಗಿದ ಕೋಲು ಕೈಯಲ್ಲಿದ್ದಿದ್ದರೆ ಇನ್ನೊಂದು ಬೇಸಗೆ ಸಿಗುತ್ತಿತ್ತೋ ಏನೋ ಎಂಬ ಆಸೆ ಸಾಯುವುದಿಲ್ಲ. ಮನೆಗೆ ಬಂದಾಗ ಅಪ್ಪ ಬಾಗಿಲಲ್ಲೇ ಕಾದಿದ್ದರು. ತಂಡ ಅಳಿಯನನ್ನು ಕೈಬಿಟ್ಟಿತೆಂದು ಹೇಳಿದೆ. ನಿಟ್ಟುಸಿರು ಬಿಟ್ಟು, "ನಂದೇ ತಪ್ಪು ಅಳಿಯಂದ್ರೇ" ಎಂದರು. ನಾನು ಬೆಚ್ಚಿದೆ. "ಒಂದೇ ಕೋಟ್ ಆಯ್ತು. ಮೂರು ಕೋಟಾದ್ರೂ ಬೇಕಿತ್ತು. ನಾನು ಮುಂಚೆನೇ ಬರಬೇಕಿತ್ತು."

ನನ್ನ ಗಂಡ ಅವರ ಭುಜ ಹಿಡಿದು, "ಇಲ್ಲ ಮಾವ. ನನಗೆ ಏಜ್ ಆಯ್ತು" ಎಂದ. ನಾನು ಅಡುಗೆಮನೆಗೆ ಹೋಗಿ ಅನ್ನಕ್ಕೆ ಇಟ್ಟೆ.

ಹಾಗೆ ನನಗೆ ಶನಿವಾರಗಳು ಸಿಕ್ಕವು. ಜೂನ್, ಜುಲೈ, ಒಂದೂ ತಪ್ಪದೆ. ದೇವಸ್ಥಾನಕ್ಕೆ ಹೋದೆವು, ಸಾಮಾನು ತರಲು ಕಾಸ್ಟ್ಕೋಗೆ ಹೋದೆವು, ಪಾಟ್‌ಲಕ್‌ಗೆ ಜೊತೆಯಾಗಿ ಹೋದೆವು. "ಅಂತೂ ಸೆಟಲ್ ಆದ್ರಾ?" ಎಂದು ಆ ಅಂಕಲ್ ಅವನ ಬೆನ್ನು ತಟ್ಟಿದರು. ಅವನು ನಕ್ಕು "ಹೌದು ಅಂಕಲ್" ಎಂದ. ಕೇಳಿದ್ದೆಲ್ಲ ಮಾಡುತ್ತಿದ್ದ, ಕೇಳದಿದ್ದರೂ ಮಾಡುತ್ತಿದ್ದ. ಹುಲ್ಲು ಕತ್ತರಿಸಿದ. ಕತ್ತರಿಸಿದ ಹುಲ್ಲನ್ನು ಮತ್ತೆ ಕತ್ತರಿಸಿದ. ಶನಿವಾರ ಮಧ್ಯಾಹ್ನ ಆಟ ಶುರುವಾಗುವ ಹೊತ್ತಿಗೆ ಬಾಲ ಸುಟ್ಟ ಬೆಕ್ಕಿನ ಹಾಗೆ ಮೇಲೆ ಕೆಳಗೆ ಓಡಾಡುತ್ತಿದ್ದ, ಆದರೆ ಟಿವಿ ಹಾಕುತ್ತಿರಲಿಲ್ಲ. ಗ್ಯಾರೇಜಿಗೆ ಹೋಗಿ ಬರುತ್ತೇನೆ ಎಂದು ಹೋದವನು ಎಷ್ಟು ಹೊತ್ತಾದರೂ ಬರದಿದ್ದರೆ ನಾನು ಹುಡುಕಿಕೊಂಡು ಹೋಗುತ್ತಿರಲಿಲ್ಲ.

ಇದನ್ನು ಹೇಳಿದರೆ ಈ ಹೆಂಗಸಿಗೆ ಏನು ಕೊಟ್ಟರೂ ಸಾಲದು ಎನ್ನುತ್ತೀರಿ, ಅನ್ನಿ. ಅವನು ಪಕ್ಕದಲ್ಲೇ ಇದ್ದಾಗ ನನಗೆ ಅವನಿಗಾಗಿ ಹಂಬಲ ಶುರುವಾಯಿತು. ಶುಕ್ರವಾರ ಬ್ಯಾಗು ಹೆಗಲಿಗೇರಿಸಿ, ಬಾಗಿಲಲ್ಲಿ ತಿರುಗಿ, "ಹೋಗಿ ಬರ್ತೀನಿ" ಎನ್ನುತ್ತಿದ್ದನಲ್ಲ, ಆ ಮನುಷ್ಯ ಎಲ್ಲಿ ಹೋದ? ಭಾನುವಾರ ಸಂಜೆ ಮೈತುಂಬ ಹುಲ್ಲಿನ ವಾಸನೆ ಹೊತ್ತು ಬಂದು, ಗೆದ್ದದ್ದು ಸೋತದ್ದು ಒಂದೂ ಬಿಡದೆ ಹೇಳುತ್ತಾ ನಿಂತುಕೊಂಡೇ ಮೊಸರನ್ನ ತಿನ್ನುತ್ತಿದ್ದವನು ಎಲ್ಲಿ? ನಾನು ಮೂರು ವರ್ಷ ಜಗಳವಾಡಿ ಮನೆಗೆ ಕರೆಸಿಕೊಂಡದ್ದು ಅವನನ್ನು. ಬಂದವನು ಯಾರೋ ಒಳ್ಳೆಯ ನೆಂಟ.

ಆಗಸ್ಟ್‌ನಲ್ಲಿ ಒಂದು ಬುಧವಾರ ಫೋನ್ ಬಂತು. ಹೊಸ ಹುಡುಗನ ಹೆಬ್ಬೆರಳು ಮುರಿದಿತ್ತು. ಶನಿವಾರದ ಆಟ ವಾಷಿಂಗ್ಟನ್ ಹತ್ತಿರ, ಅದೊಂದಕ್ಕೆ ಬರಲಾದೀತೇ ಎಂದು ಕೋಚ್ ಕೇಳಿದ್ದರು. ಮುಂದಿನ ವಾರಕ್ಕೆ ಬೇರೆ ತಂಡದಿಂದ ಇನ್ನೊಬ್ಬ ಬರುವುದು ಆಗಲೇ ಗೊತ್ತಾಗಿತ್ತು. ಅವನು ಫೋನನ್ನು ಎದೆಗೆ ಒತ್ತಿಕೊಂಡು ನನ್ನನ್ನು ನೋಡಿದ. ಆ ಶನಿವಾರ ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಊಟಕ್ಕೆ ಕರೆದಾಗಿತ್ತು, ಪುರೋಹಿತರಿಗೂ ಹೇಳಿಯಾಗಿತ್ತು.

"ಹೋಗು" ಎಂದೆ.

"ಪೂಜೆ?"

"ದೇವರು ಮುಂದಿನ ಶನಿವಾರನೂ ಇರ್ತಾನೆ. ಹೋಗು."

ಎಲ್ಲರೂ ಹೊರಟೆವು, ಅಪ್ಪನೂ. ಗೈದರ್ಸ್‌ಬರ್ಗ್‌ನ ಮನೆಯಲ್ಲಿ ಅತ್ತೆ ಮಾವ ಕಾದಿದ್ದರು. ಅಪ್ಪ ಮೊದಲ ಸಲ ಅವನ ಆಟ ನೋಡುವವರಿದ್ದರು. ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು ಹಾಕಿಕೊಂಡರು, ಕ್ರಿಕೆಟ್ಟಿಗೆ ಹೋಗುವವರಂತೆ. ಮೈದಾನದಲ್ಲಿ ನಾನು ನೀರಿನ ಬಾಟ್ಲಿಯನ್ನೂ ಮುಟ್ಟಲಿಲ್ಲ, ಕಣ್ಣು ಮಿಟುಕಿಸಲೂ ಹೆದರಿಕೆ. ಪ್ರತಿ ಫೇಸ್‌ಆಫ್‌ಗೂ ಅವನು ಬೆಂಚಿನಿಂದೆದ್ದು ಓಡಿ ಬರುವನು, ಕೂರುವನು, ಸೀಟಿ, ಮತ್ತೆ ಓಡುವನು. ಮೊದಲ ಕೆಲವನ್ನು ಸೋತ. ಆಮೇಲೆ ಏನಾಯಿತೋ, ಅವನ ಹಳೆಯ ಕೈ ವಾಪಸು ಬಂದಂತೆ, ಒಂದಾದ ಮೇಲೊಂದು ಗೆಲ್ಲತೊಡಗಿದ. "ಅಳಿಯಂದ್ರು ಚೆನ್ನಾಗೇ ಆಡ್ತಾರಲ್ಲ. ಆದ್ರೆ ಅವರನ್ನ ಯಾಕೆ ಪದೇ ಪದೇ ಔಟ್ ಮಾಡ್ತಾರೆ?" ಎಂದು ಅಪ್ಪ ಕೇಳಿದರು. ಅತ್ತೆ ಈ ಸಲ ವಿವರಿಸಲಿಲ್ಲ, ಅವರ ಕಣ್ಣೂ ಮೈದಾನದ ಮೇಲಿತ್ತು.

ಕೊನೆಯ ಕಾಲುಭಾಗದಲ್ಲಿ ಒಂದು ಫೇಸ್‌ಆಫ್. ಸೀಟಿ ಊದಿದರು. ಎದುರಿನವನ ಕಾಲು ಜಾರಿತ್ತು, ಚೆಂಡು ಸೀದಾ ನನ್ನ ಗಂಡನ ಬಲೆಯೊಳಗೆ ಬಂದು ಕೂತಿತು. ಅವನು ಎದ್ದು ನಿಂತ. ಎದುರಿಗೆ ಒಬ್ಬನೂ ಇಲ್ಲ. ಗೋಲಿನವರೆಗೆ ಹಸಿರು ನೆಲ, ಆಚೆಗೊಬ್ಬ ಗೋಲ್‌ಕೀಪರ್, ಅಷ್ಟೇ. ಅವನ ಜೀವಮಾನದಲ್ಲಿ ಅಂಥ ಜಾಗ ಅವನಿಗಾಗಿ ತೆರೆದದ್ದಿಲ್ಲ. ನಾನು ಯಾವಾಗ ಎದ್ದು ನಿಂತೆನೋ ಗೊತ್ತಿಲ್ಲ. "ಓಡು! ಬರಬೇಡ, ಅಲ್ಲೇ ಇರು!" ಎಂದು ಕನ್ನಡದಲ್ಲಿ ಕಿರುಚಿದೆ. ಸುತ್ತಲಿನ ಬಿಳಿಯರೆಲ್ಲ ತಿರುಗಿ ನೋಡಿದರು, ಅತ್ತೆ ನನ್ನ ದುಪಟ್ಟಾ ಹಿಡಿದು ಜಗ್ಗಿದರು.

ಅವನು ಎರಡು ಹೆಜ್ಜೆ ಗೋಲಿನ ಕಡೆ ಇಟ್ಟ. ನಿಂತ. ಎಡಗಡೆ ಬಂದ ಜೊತೆಗಾರನಿಗೆ ಚೆಂಡು ಎಸೆದು, ತಿರುಗಿ, ಬೆಂಚಿಗೆ ಓಡಿಬಂದು ಕೂತ. ಆ ಜೊತೆಗಾರ ಗೋಲು ಹೊಡೆದ. ಜನ ಅವನ ಹೆಸರು ಕೂಗಿದರು.

ಆಟ ಮುಗಿದ ಮೇಲೆ ಅಪ್ಪ, ಅತ್ತೆ, ಮಾವ ಒಂದು ಕಾರಿನಲ್ಲಿ ಮುಂದೆ ಹೋದರು. ನಾವಿಬ್ಬರು ಹಿಂದೆ. ಅವನು ಸ್ನಾನ ಮಾಡಿರಲಿಲ್ಲ, ಕಾರಿನ ತುಂಬ ಬೆವರು ಮತ್ತು ಹುಲ್ಲಿನ ವಾಸನೆ. ನಾನು ಕಿಟಕಿ ಇಳಿಸಲಿಲ್ಲ. ಅವನು ಕಾರನ್ನು ಹೈವೇಗೆ ತಂದ.

"ನೀನು ಕೂಗಿದ್ದು ಕೇಳಿಸ್ತು" ಎಂದ.

"ಮತ್ತೆ ಯಾಕೆ ಬಂದುಬಿಟ್ಟೆ? ಎದುರಿಗೆ ಯಾರೂ ಇರಲಿಲ್ಲ. ನಾನು ನೋಡಿದೆ."

"ನಾನೂ ನೋಡಿದೆ." ಸ್ಟೀರಿಂಗ್ ಮೇಲೆ ಬೆರಳು ಬಡಿಯುತ್ತಾ ಪದಗಳಿಗೆ ಹುಡುಕಾಡಿದ. ಇಂಗ್ಲಿಷಿನಲ್ಲಿ ಹೇಳಬಹುದಿತ್ತು, ಹೇಳಲಿಲ್ಲ. "ಒಂದು ಸಲ ಅಲ್ಲಿ ಹೋದ್ರೆ, ಮತ್ತೆ ಬೇಕು ಅನ್ಸತ್ತೆ. ಆಮೇಲೆ ನಾನು ಮನೆಗೆ ಹೇಗೆ ಬರ್ಲಿ? ನಿನಗೆ ಶನಿವಾರ ಕೊಡ್ತೀನಿ ಅಂದಿದ್ದೆ ಅಲ್ವಾ?"

ಗೈದರ್ಸ್‌ಬರ್ಗ್‌ನ ಎಕ್ಸಿಟ್ ಹತ್ತಿರ ಬರುತ್ತಿತ್ತು. ಕಾರು ತಿರುಗಿಸು, ಆ ಮೈದಾನಕ್ಕೆ ವಾಪಸು ಹೋಗೋಣ, ಇನ್ನೊಂದು ಸಲ ಕೂತು ಎದ್ದು ಆ ಹಸಿರಿನಲ್ಲಿ ಓಡಿಬಿಡು ಎನ್ನಬೇಕೆನಿಸಿತು. ಅಲ್ಲಿ ಆ ಹೊತ್ತಿಗೆ ದೀಪ ಆರಿಸಿ, ಗೇಟು ಹಾಕಿರುತ್ತಾರೆ. ನನ್ನ ಹತ್ತಿರ ಈಗ ವರ್ಷದ ಎಲ್ಲಾ ಶನಿವಾರಗಳೂ ಇದ್ದವು, ಒಂದನ್ನೂ ಬಿಡದೆ ಅವನಿಗೆ ವಾಪಸು ಕೊಟ್ಟುಬಿಡುತ್ತಿದ್ದೆ, ಆದರೆ ಅವನನ್ನು ಆಡಿಸುವ ತಂಡ ಯಾವುದೂ ಉಳಿದಿರಲಿಲ್ಲ.